ಚಂದ್ರಗುಪ್ತನ ಮತ

ಇವತ್ತು ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಅದು ಕಾಯುವುದರೊಳಗೆ ನಾಲ್ಕು ಸುತ್ತು ಆಡೋಣವೆಂದು ಲ್ಯಾಪ್‌ಟಾಪ್ ತೆರೆದೆ. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಚಂದ್ರಗುಪ್ತ ಮೌರ್ಯ ನನ್ನ ವಿರುದ್ಧ ಮತ ಹಾಕಿದ್ದನ್ನು ನೋಡುತ್ತ ಕೂತುಬಿಟ್ಟಿದ್ದೆ.

ಆಟ ಸಿವಿಲೈಸೇಶನ್, ಆರನೆಯದು. ಆಡಿದವರಿಗೆ ಹೇಳಬೇಕಿಲ್ಲ. ಆಡದವರಿಗೆ ಇಷ್ಟು ಸಾಕು: ಕ್ರಿ.ಪೂ. 4000ದಲ್ಲಿ ಒಂದು ಊರು ಕಟ್ಟಿ ಶುರು ಮಾಡಿ, ನಾಡು ಬೆಳೆಸಿ, ರಾಕೆಟ್ಟಿನ ಕಾಲದವರೆಗೂ ಬರಬೇಕು. ಎದುರಾಳಿಗಳನ್ನೆಲ್ಲ ಕಂಪ್ಯೂಟರೇ ಆಡಿಸುತ್ತದೆ. 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆಯಲ್ಲಿ ವರ್ಲ್ಡ್ ಕಾಂಗ್ರೆಸ್ ಎಂಬ ಸಭೆ ಸೇರಿಕೊಂಡಿತು. ಮಧ್ಯಯುಗದಿಂದಾಚೆಗೆ ಮೂವತ್ತು ಸುತ್ತಿಗೊಮ್ಮೆ ರಾಜರಾಣಿಯರೆಲ್ಲ ಕೂಡುತ್ತಾರೆ, ನಿರ್ಣಯಗಳಿಗೆ ಮತ ಹಾಕುತ್ತಾರೆ. ಮೊದಲ ಮತ ಪುಕ್ಕಟೆ. ಎರಡನೆಯದಕ್ಕೆ 10, ಮೂರನೆಯದಕ್ಕೆ 20, ಹೀಗೆ ಕೂಡಿಟ್ಟ ವರ್ಚಸ್ಸಿನಿಂದ ತೆರಬೇಕು. ರಾಜತಾಂತ್ರಿಕವಾಗಿ ಗೆಲ್ಲಬೇಕಾದರೆ 20 ಅಂಕ ಬೇಕು. ಆ ಅಂಕದ ಮೇಲೂ ಒಂದು ನಿರ್ಣಯವಿದೆ: ಒಬ್ಬರನ್ನು ಹೆಸರಿಸಿ ಅವರಿಗೆ ಎರಡು ಅಂಕ ಕೊಡಬಹುದು, ಇಲ್ಲವೇ ಅವರಿಂದ ಎರಡು ಕಿತ್ತುಕೊಳ್ಳಬಹುದು.

ನಾನು ಕೊರಿಯಾದ ರಾಣಿಯಾಗಿ ಆಡುತ್ತಿದ್ದೆ. ಅಂಕ 14. ಚಂದ್ರಗುಪ್ತ ದೂರದ ಖಂಡದವನು. ಅವನಿಗೂ ನನಗೂ ನೂರು ಸುತ್ತಿಗೂ ಮಿಕ್ಕಿದ ಸ್ನೇಹ. ಅವನ ಚಹಾ ನನ್ನ ಊರುಗಳಿಗೆ, ನನ್ನ ರೇಷ್ಮೆ ಅವನ ಊರುಗಳಿಗೆ. ಅವನ ಮೇಲೆ ದಂಡು ಬಂದಾಗ ನನ್ನ ಬಿಲ್ಲಾಳುಗಳನ್ನು ಹಡಗು ಹತ್ತಿಸಿ ಕಳಿಸಿದ್ದೆ. ಈ ಬೆಳಿಗ್ಗೆ ನಿರ್ಣಯ ಬಂತು. ಎಲ್ಲರೂ ಗುಟ್ಟಾಗಿ ಮತ ಹಾಕಿದ ಮೇಲೆ ಯಾರ ಮತ ಯಾರ ಮೇಲೆ ಎಂದು ಒಂದೊಂದೇ ತೆರೆಯಿತು. ಚಂದ್ರಗುಪ್ತ ತನ್ನ ವರ್ಚಸ್ಸು ಖರ್ಚು ಮಾಡಿ, ಒಂದಲ್ಲ ಮೂರು ಮತ ಹಾಕಿದ್ದ. ಮೂರೂ ನನ್ನಿಂದ ಎರಡು ಅಂಕ ಕಿತ್ತುಕೊಳ್ಳಲಿಕ್ಕೆ. ಮರುಸುತ್ತಿನಲ್ಲಿ ಅದೇ ನಗುಮುಖದಲ್ಲಿ ಬಂದು ಮೈತ್ರಿಯನ್ನು ಮುಂದುವರಿಸೋಣವೇ ಎಂದು ಕೇಳಿದ.

ಅಂಕ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಮುಂದಿರುವವನ ಕಾಲೆಳೆಯುವುದು ಎಲ್ಲ ಆಟದಲ್ಲೂ ಇದ್ದದ್ದೇ. ನನ್ನನ್ನು ಹಾಲು ಉಕ್ಕುವಷ್ಟು ಹೊತ್ತು ಹಿಡಿದು ಕೂರಿಸಿದ್ದು ಆ ಮುಖ. ಅವನ ಸ್ನೇಹದ ಲೆಕ್ಕ ಏನೆಂದು ಆಟ ಬಿಚ್ಚಿ ತೋರಿಸುತ್ತದೆ. ಸ್ನೇಹ ಸಾರಿದ್ದಕ್ಕೆ ಇಷ್ಟು, ಮೈತ್ರಿಗೆ ಇಷ್ಟು, ಮೊದಲ ಭೇಟಿಯ ಅನಿಸಿಕೆಗೂ ಇಷ್ಟು ಎಂದು ಕೂಡುವ ಕಳೆಯುವ ಅಂಕಿಗಳ ಪಟ್ಟಿ. ಮತ ಹಾಕುವ ಮುನ್ನ ಎಷ್ಟಿತ್ತೋ ಹಾಕಿದ ಮೇಲೂ ಅಷ್ಟೇ ಇತ್ತು. ಸ್ನೇಹ ಮಾಡುವ ಚಂದ್ರಗುಪ್ತನಿಗೆ ಮತ ಹಾಕುವ ಚಂದ್ರಗುಪ್ತನ ಪರಿಚಯವೇ ಇಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳೋಣವೆಂದರೆ, ಕೇಳುವ ಗುಂಡಿಯೇ ಆ ಪರದೆಯ ಮೇಲಿಲ್ಲ.

ಕೇಳಲಿಕ್ಕಾದರೂ ಒಬ್ಬರಿರಬೇಕು. ನಮ್ಮ ಸೋದರಮಾವ ಊರಿನ ಹಾಲಿನ ಡೈರಿಯಲ್ಲಿ ನಿರ್ದೇಶಕರಾಗಿದ್ದರು. ಒಂದು ಸಲ ಅಧ್ಯಕ್ಷಗಿರಿಗೆ ನಿಂತರು. ಒಂಬತ್ತು ಜನ ನಿರ್ದೇಶಕರು ಚೀಟಿ ಬರೆದು, ಮಡಚಿ, ಮಗುಚಿಟ್ಟ ಹಾಲಿನ ಕ್ಯಾನಿನ ಮುಚ್ಚಳದಲ್ಲಿ ಹಾಕಿದರು. ಕಿಟಕಿಯ ಸರಳು ಹಿಡಿದು ನೋಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಮುಚ್ಚಳದ ಅಂಚಿನಲ್ಲಿ ಬೆಳಗಿನ ಹಾಲು ಇನ್ನೂ ಅಂಟಿತ್ತು. ಎರಡು ಚೀಟಿ ಒದ್ದೆಯಾಗಿ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಕಾರ್ಯದರ್ಶಿ ಅವನ್ನು ಉಗುರಿನಿಂದ ಬಿಡಿಸಿ, ಬೆಳಕಿಗೆ ಹಿಡಿದು ಓದಿದರು. ಒಂಬತ್ತಕ್ಕೆ ಒಂಬತ್ತೂ ಎದುರಾಳಿಗೆ. ಮಾವನಿಗೆ ಸೊನ್ನೆ. ಅಂದರೆ ಮಾವನೇ ಮಾವನಿಗೆ ಹಾಕಿಕೊಂಡಿರಲಿಲ್ಲ.

ಮೂರು ದಿನ ಊರಿಗೆ ಬೇರೆ ಮಾತಿರಲಿಲ್ಲ. ಮಗಳ ಸಂಬಂಧದ ಮಾತು ನಡೆದಿದೆ ಅಂದರು ಕೆಲವರು. ಎದುರಾಳಿಯ ಅಪ್ಪ ಹಿಂದೊಮ್ಮೆ ಮಾವನ ಎತ್ತುಗಳನ್ನು ಹೊಳೆಯಿಂದ ಎಳೆದು ತಂದಿದ್ದನಂತೆ, ಆ ಋಣ ಅಂದರು ಇನ್ನು ಕೆಲವರು. ಅತ್ತೆ ಮಾತ್ರ ಯಾವುದನ್ನೂ ನಂಬದೆ ಎರಡು ದಿನ ಮಾತು ಬಿಟ್ಟಿದ್ದಳು. ಎಷ್ಟೋ ವರ್ಷದ ಮೇಲೆ, ಮಾವ ಹಾಸಿಗೆ ಹಿಡಿದಾಗ, ನಾನೇ ಕೇಳಿದೆ. ಅವರು ಹೇಳಿದ್ದು ಇದು: “ಸೋಲೋದು ಗೊತ್ತಾಗಿತ್ತು ಕಣೋ. ಒಂದು ಚೀಟಿ ಬಂದಿದ್ರೆ ‘ಅದು ಅವನದ್ದೇ’ ಅಂತ ನಗೋರು. ಸೊನ್ನೆ ಬಂದ್ರೆ ಊರು ಮೂರು ದಿನ ಯೋಚಿಸ್ತದೆ.”

ಆಟದಲ್ಲೂ ಇಂಥದ್ದೊಂದು ಉಂಟು. ನಿರ್ಣಯ ಗೆಲ್ಲುವ ಕಡೆಗೆ ಸರಿಯಾಗಿ ಮತ ಹಾಕಿದವರಿಗೆ ಒಂದು ಅಂಕ ಸಿಗುತ್ತದೆ. ಹೇಗೂ ಎಲ್ಲರೂ ಕೂಡಿ ನನ್ನಿಂದ ಎರಡು ಕೀಳುತ್ತಾರೆ ಎಂದು ಗೊತ್ತಿದ್ದರೆ, ನಾನೂ ನನ್ನ ವಿರುದ್ಧವೇ ಹಾಕಿಕೊಳ್ಳಬೇಕು. ಎರಡು ಹೋಗಿ ಒಂದು ಬರುತ್ತದೆ. ಪಳಗಿದವರೆಲ್ಲ ಹೀಗೇ ಆಡುತ್ತಾರೆ, ನಾನೂ ಆಡಿದೆ, 14 ಇದ್ದದ್ದು 13ಕ್ಕೆ ನಿಂತಿತು. ಚಂದ್ರಗುಪ್ತನಿಗೆ ಕಣ್ಣಿದ್ದಿದ್ದರೆ, ಈ ರಾಣಿ ತನ್ನ ಮೇಲೆ ತಾನೇ ಯಾಕೆ ಮತ ಹಾಕಿಕೊಂಡಳು ಎಂದು ಅವನೂ ಮೂರು ದಿನ ಯೋಚಿಸುತ್ತಿದ್ದನೇನೋ.

ಇಲ್ಲಿ ನನಗೆ ಕೌಟಿಲ್ಯನನ್ನು ಬಿಟ್ಟು ಮುಂದೆ ಹೋಗಲಿಕ್ಕೆ ಆಗುವುದಿಲ್ಲ. ಆಟದಲ್ಲಿ ಚಂದ್ರಗುಪ್ತನ ವಿಶೇಷ ಶಕ್ತಿಯ ಹೆಸರೇ ಅರ್ಥಶಾಸ್ತ್ರ, ಕೌಟಿಲ್ಯನ ಗ್ರಂಥದ್ದೇ. ಅವನ ಸ್ವಭಾವವನ್ನೂ ಅಲ್ಲಿಂದಲೇ ಎತ್ತಿದ್ದಾರೆ: ಗಡಿಯ ಹತ್ತಿರ ಇರುವವರನ್ನು ಕಂಡರೆ ಅವನಿಗಾಗದು. ಪಕ್ಕದವನು ಶತ್ರು ಎಂಬಷ್ಟನ್ನು ಅರ್ಥಶಾಸ್ತ್ರದ ಹೆಸರು ಮಾತ್ರ ಕೇಳಿದವರೂ ಹೇಳುತ್ತಾರೆ. ಆದರೆ ಅದು ಕೌಟಿಲ್ಯ ಹೇಳುವ ರಾಜರ ಮಂಡಲದ ಮೊದಲ ಮನೆ ಮಾತ್ರ. ನಡುವೆ ವಿಜಿಗೀಷು, ಗೆಲ್ಲಬಯಸುವ ರಾಜ. ಮುಂದೆ ಸಾಲಾಗಿ ಅರಿ, ಮಿತ್ರ, ಅರಿಯ ಮಿತ್ರ, ಮಿತ್ರನ ಮಿತ್ರ, ಅರಿಯ ಮಿತ್ರನ ಮಿತ್ರ. ಹಿಂದೆ ಪಾರ್ಷ್ಣಿಗ್ರಾಹ, ಅವನ ಹಿಂದೆ ಆಕ್ರಂದ, ಅವರಿಬ್ಬರಿಗೂ ಒಬ್ಬೊಬ್ಬ ಬೆಂಬಲಿಗ. ಪಕ್ಕದಲ್ಲಿ ಮಧ್ಯಮ, ದೂರದಲ್ಲಿ ಉದಾಸೀನ. ಒಟ್ಟು ಹನ್ನೆರಡು. ಈ ಪಾರ್ಷ್ಣಿಗ್ರಾಹ ಅನ್ನುವ ಮಾತು ನೋಡಿ: ಹಿಮ್ಮಡಿ ಹಿಡಿಯುವವನು. ನೀವು ಮುಂದಕ್ಕೆ ದಂಡೆತ್ತಿ ಹೊರಟಾಗ ಹಿಂದಿನಿಂದ ಬಂದು ಕಾಲು ಹಿಡಿಯುವವನು. ಗೆಲುವಿಗೆ ಆರು ಅಂಕ ದೂರದಲ್ಲಿ ನಿಂತವಳಿಗೆ ಇಂದು ಬೆಳಿಗ್ಗೆ ಆದದ್ದು ಅಕ್ಷರಶಃ ಅದೇ.

ಮಿತ್ರನಲ್ಲೂ ಕೌಟಿಲ್ಯ ಬಗೆ ಹೇಳುತ್ತಾನೆ. ನಡುವೆ ಒಂದು ರಾಜ್ಯ ಬಿಟ್ಟು ಆಚೆಗಿರುವವನು ಪ್ರಕೃತಿಯಿಂದಲೇ ಮಿತ್ರ. ತಾಯಿ ತಂದೆಯ ಕಡೆಯ ನಂಟಿನವನು ಸಹಜಮಿತ್ರ. ಹಣಕ್ಕೋ ಜೀವಕ್ಕೋ ಆಶ್ರಯ ಬಯಸಿ ಬಂದವನು ಕೃತ್ರಿಮ ಮಿತ್ರ. ಹೆಸರಿಗೆ ತಕ್ಕಂತೆ ನಂಬಿಕೆಯ ಅಳತೆ. ನನ್ನೊಡನೆ ಮೈತ್ರಿ, ನನ್ನ ಮೇಲೆಯೇ ಮತ ಎಂಬುದನ್ನು ದ್ವೈಧೀಭಾವ ಎನ್ನಬಹುದಲ್ಲ ಎಂದು ಯಾರಾದರೂ ಹೇಳಬಹುದು. ಬರುವುದಿಲ್ಲ. ದ್ವೈಧೀಭಾವವೆಂದರೆ ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹ, ಅಂದರೆ ಹಗೆ. ಎರಡನ್ನೂ ಒಬ್ಬನೊಡನೆ, ಒಂದೇ ದಿನ, ಮುಖ ಬದಲಿಸದೆ ಮಾಡುವುದಕ್ಕೆ ಷಾಡ್ಗುಣ್ಯದಲ್ಲಿ, ಕೌಟಿಲ್ಯ ಹೇಳುವ ಆರು ನೀತಿಗಳಲ್ಲಿ, ಜಾಗವಿಲ್ಲ. ಈ ಹನ್ನೆರಡು ಮನೆಯ ಮಂಡಲವನ್ನೇ ಯಾರಾದರೂ ಕಂಪ್ಯೂಟರಿಗೆ ಕಲಿಸಿದರೆ, ಎದುರಾಳಿ ಕೈಕೊಟ್ಟಾಗಲೂ ನಾವು ತಲೆದೂಗುವಂತಾಗುತ್ತದೆ ಎಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ನೀನು ಈಗ ನನ್ನ ಯಾವ ಮನೆಯಲ್ಲಿದ್ದೀಯ ಎಂದು ಅವನು ಹೇಳಿದರೆ ಸಾಕು, ಅಂಕ ಎಷ್ಟು ಬೇಕಾದರೂ ಕಿತ್ತುಕೊಳ್ಳಲಿ.

ಅರ್ಥಶಾಸ್ತ್ರವೆಂಬ ಈ ಗ್ರಂಥ ಇದೆ ಎಂಬುದು ಬಹುಕಾಲ ಬೇರೆ ಕೃತಿಗಳ ಉಲ್ಲೇಖಗಳಿಂದಷ್ಟೇ ಗೊತ್ತಿತ್ತು. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಅದೇನೆಂದು ಗುರುತಿಸಿದವರು ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಬಂತು. ಮೈಸೂರಿನಲ್ಲಿ ಒಬ್ಬರು ಗರಿ ತಿರುವಿದ್ದು ಒಂದು ಶತಮಾನ ದಾಟಿ ಅಮೆರಿಕದಲ್ಲಿ ಮಾಡಿದ ಆಟದೊಳಕ್ಕೆ ಬಂದಿದೆ ಎಂದು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ. ಬಂದದ್ದು ಒಂದೇ ಮನೆ ಎಂಬ ಕೊರಗೂ ಆಗಲೇ ಏಳುತ್ತದೆ.

ಕಾರಣ ಸಿಗದಿದ್ದರೆ ಆಡುವವರು ತಾವೇ ಹುಟ್ಟಿಸಿಕೊಳ್ಳುತ್ತಾರೆ. 1991ರ ಮೊದಲ ಸಿವಿಲೈಸೇಶನ್ನಿನಲ್ಲಿ ಗಾಂಧೀಜಿ ಅಣುಬಾಂಬಿನ ಬೆದರಿಕೆ ಹಾಕುತ್ತಿದ್ದರೆಂದು ಒಂದು ಕತೆ ಲೋಕವೆಲ್ಲ ಸುತ್ತಿದೆ. ಗಾಂಧಿಯ ಆಕ್ರಮಣಶೀಲತೆ ಒಂದು ಇತ್ತಂತೆ. ಪ್ರಜಾಪ್ರಭುತ್ವಕ್ಕೆ ಬಂದಾಗ ಅದರಲ್ಲಿ ಎರಡು ಕಳೆದು, ಸೊನ್ನೆಗಿಂತ ಕೆಳಗಿಳಿಯಲಾರದ ಅಂಕಿ ಸುತ್ತಿ ಬಂದು 255 ಆಯಿತಂತೆ. ಆಟ ಕಟ್ಟಿದ ಸಿಡ್ ಮೈಯರ್ 2020ರ ತಮ್ಮ ಆತ್ಮಕತೆಯಲ್ಲಿ ಅದು ನಿಜವಲ್ಲ ಎಂದು ಬರೆದರು. ಅಂಥ ದೋಷವೇ ಇರಲಿಲ್ಲ. ಬೆದರಿಕೆಯ ಮಾತು ಎಲ್ಲ ನಾಯಕರ ಬಾಯಲ್ಲೂ ಒಂದೇ ಆಗಿತ್ತು. ಗಾಂಧಿಯ ಬಾಯಲ್ಲಿ ಕೇಳಿದ್ದು ಮಾತ್ರ ಮರೆಯಲಾಗಲಿಲ್ಲ. ಮಾವನ ಸೊನ್ನೆಗೆ ಊರು ಎತ್ತಿನ ಕತೆ ಕಟ್ಟಿದ ಹಾಗೆ, ಗಾಂಧಿಯ ಬಾಂಬಿಗೆ ಲೋಕ 255ರ ಕತೆ ಕಟ್ಟಿತು. ನನಗೆ ಇದರಲ್ಲಿ ಮನುಷ್ಯರ ಮೇಲೆ ಪ್ರೀತಿ ಹೆಚ್ಚುತ್ತದೆ.

ಆಟ ಕಟ್ಟುವವರ ಕಷ್ಟವೂ ಇಲ್ಲದಿಲ್ಲ. ನಾಲ್ಕನೆಯ ಸಿವಿಲೈಸೇಶನ್ನಿನ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ 2008ರಲ್ಲಿ ಇದರ ಮೇಲೆಯೇ ಒಂದು ಭಾಷಣ ಮಾಡಿದ್ದರು. ಕಂಪ್ಯೂಟರ್ ಗೆಲ್ಲಲೆಂದು ಆಡಬೇಕೋ, ಆಡುವವರಿಗೆ ಸೊಗಸಾಗಲೆಂದು ಆಡಬೇಕೋ? ಗೆಲ್ಲಲೆಂದೇ ಆಡಿದರೆ ಯಾವ ಮೈತ್ರಿಯೂ ಕೊನೆಯ ಘಟ್ಟದಲ್ಲಿ ಉಳಿಯದು, ನಾಡು ಕಟ್ಟಿದ ಅನುಭವವೇ ಕೆಡುತ್ತದೆ. ಅದನ್ನು ಓದಿದ ಮೇಲೆ ಬೆಳಗಿನ ಸಂಗತಿ ನನಗೆ ಕೊಂಚ ತಿಳಿಯಾಯಿತು. ಚಂದ್ರಗುಪ್ತನ ಸ್ನೇಹ ಪಾತ್ರಧಾರಿಯದು, ಮತ ಆಟಗಾರನದು. ಒಂದೇ ಕಿರೀಟದ ಕೆಳಗೆ ಇಬ್ಬರನ್ನೂ ಕೂರಿಸಿದ್ದಾರೆ. ನಮ್ಮ ಕಾವ್ಯಗಳು ಈ ಗಂಟನ್ನು ಎಷ್ಟು ಹಿಂದೆಯೇ ಬಿಡಿಸಿದವು! ಪಾಂಡವರ ಅಣ್ಣ ತಾನೆಂದು ತಿಳಿದ ಮೇಲೂ ಕರ್ಣ ಸಿಂಹಾಸನ ಬಿಟ್ಟು ಕೌರವನ ಕಡೆಗೇ ನಿಲ್ಲುತ್ತಾನೆ. ತನ್ನ ಲಾಭದ ವಿರುದ್ಧ ಹಾಕಿದ ಮತವೇ ಅದು. ಆದರೆ ಪಂಪನಾಗಲಿ ಕುಮಾರವ್ಯಾಸನಾಗಲಿ ಕಾರಣವನ್ನು ಅವನ ಬಾಯಲ್ಲೇ ಆಡಿಸಿದರು, ಕೇಳಿದ ನಮಗೆ ಅವನ ಮೇಲೆ ಮುನಿಯಲಾಗುವುದಿಲ್ಲ.

ಒಲೆ ಒರೆಸುತ್ತ ನನಗೆ ನೆನಪಾದದ್ದು ಇನ್ನೊಬ್ಬ ಚಂದ್ರಗುಪ್ತ. ಒಂದು ಬೇಸಿಗೆ ಅಮ್ಮನನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿದ್ದೆ. ದೊಡ್ಡ ಬೆಟ್ಟ ಹತ್ತಲು ಅವಳ ಮಂಡಿ ಒಪ್ಪಲಿಲ್ಲ, ಚಿಕ್ಕ ಬೆಟ್ಟ ಹತ್ತಿದೆವು. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಭದ್ರಬಾಹು ಮುನಿಯ, ಚಂದ್ರಗುಪ್ತನ ಕತೆಯನ್ನು ಬೆರಳುದ್ದದ ಬೊಂಬೆಗಳಲ್ಲಿ ಸಾಲುಸಾಲಾಗಿ ಕೊರೆದಿದ್ದಾರೆ. ಬೊಂಬೆಗಳ ಸಂದಿಯಿಂದ ಬಂದ ಬಿಸಿಲು ಅಮ್ಮನ ಸೀರೆಯ ಮೇಲೆ ಚುಕ್ಕಿ ಇಟ್ಟಿತ್ತು. ಉತ್ತರದಲ್ಲಿ ಹನ್ನೆರಡು ವರ್ಷದ ಬರ ಬರುತ್ತದೆಂದು ಮುನಿ ನುಡಿದದ್ದು, ಅರಸ ರಾಜ್ಯ ಬಿಟ್ಟು ಗುರುವಿನ ಹಿಂದೆ ಇಲ್ಲಿಗೆ ಬಂದದ್ದು, ಈ ಬೆಟ್ಟದ ಮೇಲೆಯೇ ಸಲ್ಲೇಖನ ಹಿಡಿದು ಅನ್ನ ನೀರು ಬಿಟ್ಟದ್ದು, ಜೈನ ಪರಂಪರೆ ಹೇಳುವಷ್ಟನ್ನು ನಾನು ಹೇಳಿದೆ.

ಅಮ್ಮ ಕೇಳಿ ಸುಮ್ಮನಿದ್ದಳು. ಇಳಿಯುವಾಗ ಅರ್ಧ ದಾರಿಯಲ್ಲಿ ನಿಂತು, “ಅಲ್ಲ ಕಣೋ, ಬರಕ್ಕೆ ಹೆದರಿ ಅಷ್ಟು ದೂರ ನಡೆದು ಬಂದೋನು, ಇಲ್ಲಿ ಬಂದು ತಾನಾಗಿ ಊಟ ಬಿಟ್ಟನಾ?” ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಬಸ್ಸು ಚನ್ನರಾಯಪಟ್ಟಣ ಮುಟ್ಟುವ ಹೊತ್ತಿಗೆ ಅವಳೇ ಹೇಳಿದಳು: “ಅಲ್ಲಿ ಉಪವಾಸ ಬಿದ್ದೋರನ್ನ ಬಿಟ್ಟು ಬಂದಿದ್ದನಲ್ಲ, ಗಂಟಲಲ್ಲಿ ಇಳಿದಿರಲಿಕ್ಕಿಲ್ಲ.” ಸ್ವಲ್ಪ ಹೊತ್ತು ಕಿಟಕಿಯಾಚೆ ತೆಂಗಿನ ತೋಟ ನೋಡಿದಳು. ಆಮೇಲೆ ಅದೂ ಪೂರಾ ಸರಿಯಿಲ್ಲ ಅನ್ನಿಸಿತೋ ಏನೋ, ಟಿಕೆಟ್ಟನ್ನು ಸಣ್ಣಗೆ ಮಡಚುತ್ತ ಇನ್ನೊಂದು ಯೋಚಿಸತೊಡಗಿದಳು.