ಸ್ಕ್ರೋಲ್ ಲಾಕ್ ಇಲ್ಲದ ಕೀಬೋರ್ಡು

"ಇದ್ರಲ್ಲಿ ಮೂರನೇ ದೀಪ ಎಲ್ಲೋ?"

ಹೊಸ ಲ್ಯಾಪ್‌ಟಾಪ್ ತೆಗೆದು ಮುಂದಿಟ್ಟಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಎಷ್ಟು ಕೊಟ್ಟೆ ಅಂತಲೂ ಕೇಳಲಿಲ್ಲ. ಕೀಲಿಗಳ ಮೇಲೆ ಒಂದು ಸಲ ಬೆರಳಾಡಿಸಿ, ಬಲಗಡೆ ಮೇಲಿನ ಮೂಲೆಯನ್ನು ತಡಕಾಡಿ, ಅಲ್ಲಿ ಏನೂ ಸಿಗದೆ ನನ್ನ ಮುಖ ನೋಡಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೆಂಗಳೂರಿನಲ್ಲಿ ಹದಿನೈದು ವರ್ಷದಿಂದ ಕಂಪ್ಯೂಟರ್ ಮುಂದೆಯೇ ಕೂತು ಅನ್ನ ತಿನ್ನುವ ನನಗೆ, ಕ್ಯಾಲನೂರಿನ ಪಡಸಾಲೆಯಲ್ಲಿ ಕೂತ ಅಪ್ಪ ಏನು ಕೇಳುತ್ತಿದ್ದಾರೆ ಅಂತ ಹೊಳೆಯಲೇ ಇಲ್ಲ.

ಅಪ್ಪನಿಗೆ ಕಂಪ್ಯೂಟರ್ ಹೊಸದಲ್ಲ. ಅವರು ಕೋಲಾರದ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರಗಳನ್ನು ತಿರುಗುಮುರುಗಾಗಿ ಓದೋದು ನಮಗೆ ಪೇಪರ್ ಓದಿದಷ್ಟೇ ಸಲೀಸು ಅವರಿಗೆ. 2003ರಲ್ಲಿ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಕಲಿತರೆ ಕೆಲಸ, ಇಲ್ಲದಿದ್ದರೆ ಮನೆ. ನಲವತ್ತಾರನೇ ವಯಸ್ಸಿನಲ್ಲಿ ಅಪ್ಪ ಕಲಿತರು. ಕನ್ನಡ ಗಣಕ ಪರಿಷತ್ತಿನ 'ನುಡಿ', ಪುಟ ಜೋಡಿಸೋಕೆ ಪೇಜ್‌ಮೇಕರ್. ಆಮೇಲೆ ಸ್ವಂತದ್ದೊಂದು ಚಿಕ್ಕ ಅಂಗಡಿ. ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ಟೊಮೇಟೊ ಮಂಡಿಗಳ ಬಿಲ್ ಬುಕ್ಕು, ತಿಥಿ ಕಾರ್ಡು. ಅಂಗಡಿ ಮುಚ್ಚಿದ ಮೇಲೆ ಆ ಕಂಪ್ಯೂಟರನ್ನು ಊರಿಗೆ ತಂದು, ಮೇಲೊಂದು ಟವಲು ಹೊದಿಸಿ ಇಟ್ಟುಕೊಂಡಿದ್ದರು. ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. "ಇದಕ್ಕೆ 2014ರ ಏಪ್ರಿಲ್‌ಗೇ ಸಪೋರ್ಟ್ ನಿಂತುಹೋಯ್ತಪ್ಪ" ಅಂದರೆ, "ಅವರದ್ದು ನಿಂತಿರಬೋದು, ನಂದು ನಿಂತಿಲ್ವಲ್ಲ" ಅನ್ನೋರು.

2022ರ ಮಳೆಗಾಲದಲ್ಲಿ ಅದು ಗೊರಗೊರ ಅನ್ನೋಕೆ ಶುರುಮಾಡಿತು. ನಾನು ಊರಿಗೆ ಹೋದವನು ಅಪ್ಪನ ಫೋಲ್ಡರನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಬೀದಿಯಲ್ಲಿ ಗುಜರಿಯವನು ಕೂಗುತ್ತಿದ್ದ. ಸಿಪಿಯು, ಡಬ್ಬದಂಥ ಮಾನಿಟರ್, ಕೀಬೋರ್ಡು ಎಲ್ಲಾ ಸೇರಿ ನಾನೂರು ರೂಪಾಯಿ. ದೊಡ್ಡ ಕೆಲಸ ಮುಗಿಸಿದೆ ಅಂದುಕೊಂಡೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು, ಏನೂ ಅನ್ನಲಿಲ್ಲ.

ಆ ಫೋಲ್ಡರಿನಲ್ಲಿ ನೂರಾರು ಮದುವೆ ಪತ್ರಿಕೆಗಳ ಮಧ್ಯೆ 'ಅವ್ವ' ಅಂತ ಒಂದಿತ್ತು. ಅಜ್ಜಿ ಹಾಡುತ್ತಿದ್ದ ಪದಗಳು. ಸೋಬಾನೆ, ರಾಗಿ ಬೀಸೋ ಪದ, ಮಗು ತೂಗೋ ಪದ, ಒಟ್ಟು 43. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹಾಡು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತೆ. ಅಪ್ಪ ರಾತ್ರಿ ಹೊತ್ತು ಅಜ್ಜಿ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮಾರನೇ ದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಟೈಪ್ ಮಾಡುತ್ತಿದ್ದರು. ಅಜ್ಜಿ 2009ರಲ್ಲಿ ಹೋದರು. ನೋಟ್‌ಬುಕ್ಕನ್ನು ಗೆದ್ದಲು ತಿಂದಿತು. ಉಳಿದದ್ದು ಈ ಫೋಲ್ಡರ್ ಒಂದೇ.

ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದರೆ ಅರ್ಧ ಫೈಲುಗಳು ತೆರೆಯಲೇ ಇಲ್ಲ. ತೆರೆದವುಗಳಲ್ಲಿ ಕನ್ನಡವೇ ಇಲ್ಲ! ಸಾಲು ಸಾಲು ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೀಟು, ಚುಕ್ಕೆ, ಟೋಪಿ. ಪ್ರತಿ ಸಾಲಿನಲ್ಲೂ ನಾಲ್ಕೈದು ಬ್ರಿಟಿಷ್ ಪೌಂಡಿನ ಚಿಹ್ನೆ. ಅಜ್ಜಿ ಜೀವಮಾನದಲ್ಲಿ ನೋಡದ ದುಡ್ಡು ಅವರ ಹಾಡಿನ ತುಂಬಾ.

ಆಗಿದ್ದೇನು ಅಂತ ಸರಳವಾಗಿ ಹೇಳುತ್ತೇನೆ. ಆ ಕಾಲದ ನುಡಿ ಫೈಲಿನಲ್ಲಿ ನಿಜವಾಗಿ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳಿರುತ್ತವೆ. ಆ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟಿರೋದು ಫಾಂಟು. ದೊಡ್ಡ 'ಪಿ' ಇರುವಲ್ಲಿ ತಲೆಕಟ್ಟಿಲ್ಲದ 'ಕ', ಗೀಟು ಹೊತ್ತ 'ಎ' ಇರುವಲ್ಲಿ ತಲೆಕಟ್ಟು, ಪೌಂಡಿನ ಜಾಗದಲ್ಲಿ 'ನ'ದ ಮೈ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ನಾನು ಫೈಲುಗಳನ್ನು ತಂದಿದ್ದೆ, ಫಾಂಟುಗಳನ್ನು ಗುಜರಿಯವನಿಗೆ ಕೊಟ್ಟಿದ್ದೆ. ಬೀಗ ಜೋಪಾನವಾಗಿ ತಂದು ಕೀಲಿಕೈ ಮಾರಿದ ಹಾಗೆ.

ಪುಣ್ಯಕ್ಕೆ ನುಡಿ ಉಚಿತವಾಗಿ ಸಿಗುವ ತಂತ್ರಾಂಶ. ಹಳೆಯ 4.0 ಆವೃತ್ತಿ ಹುಡುಕಿ ಹಾಕಿದೆ. ಫಾಂಟುಗಳು ಕೂತವು, ಪೌಂಡೆಲ್ಲ ಕರಗಿ 'ನ' ಆಯಿತು. ಅಪ್ಪ ಕನ್ನಡಕ ಹಾಕಿಕೊಂಡು ಒಂದು ಪದ ಪೂರ್ತಿ ಓದಿದರು. ಆಮೇಲೆ ಏನೋ ತಿದ್ದೋಕೆ ಹೋದರು, ನೋಡಿ, ಆಗ ಗೊತ್ತಾಯಿತು ಮೂರನೇ ದೀಪದ ವಿಷಯ. ನುಡಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರೋಕೆ ಸ್ಕ್ರೋಲ್ ಲಾಕ್ ಒತ್ತಬೇಕು. ಹಳೇ ಕೀಬೋರ್ಡುಗಳಲ್ಲಿ ಬಲಗಡೆ ಮೂರು ದೀಪ: ನಂಬರ್, ಕ್ಯಾಪ್ಸ್, ಸ್ಕ್ರೋಲ್. ಮೂರನೆಯದು ಉರಿಯುತ್ತಿದ್ದರೆ ಕನ್ನಡ. ಅಪ್ಪ ಹತ್ತೊಂಬತ್ತು ವರ್ಷ ಆ ದೀಪ ನೋಡಿಕೊಂಡೇ ಬರೆದವರು. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ದೀಪ ಹಾಗಿರಲಿ, ಆ ಕೀಲಿಯೇ ಇಲ್ಲ.

ಪರದೆ ಮೇಲೆ ಮೂಡುವ ಕೀಬೋರ್ಡಿನಲ್ಲಿ ಆ ಕೀಲಿ ಇದೆ, ಇಲಿಯಿಂದ ಒತ್ತಬಹುದು ಅಂತ ತೋರಿಸಿದೆ. ಅಪ್ಪ ಎರಡು ಸಲ ಒತ್ತಿ, "ಪ್ರತೀ ಸಲಾನೂ ಹಿಂಗೇ ಮಾಡ್ಕಂಡು ಕೂತ್ರೆ ಪದ ಮರ್ತೋಗ್ತದೆ ಕಣೋ" ಅಂದರು. ಹೊಸ ವಿಂಡೋಸಿನಲ್ಲೇ ಕನ್ನಡ ಬರುತ್ತೆ, ಯುನಿಕೋಡು, ಅದನ್ನೇ ಕಲೀಬಹುದಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಹೇಳಿದರು: "ಮೊಳೆ ಬಿಟ್ಟು ಇದು ಕಲ್ತೆ. ಇನ್ನೊಂದೂ ಕಲೀತೀನಿ, ಅದಕ್ಕೇನು. ಆದ್ರೆ ಅವ್ವಂದು ಮುಗೀಲಿ."

ಮಾರನೇ ದಿನ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಮೂರು ದೀಪದ ಯುಎಸ್‌ಬಿ ಕೀಬೋರ್ಡು ಹುಡುಕಿ ತಂದೆ. ಜೊತೆಗೆ ಸ್ನೇಹಿತನ ಹತ್ತಿರ ಒಂದು ಹೊರಗಿನ ಸಿಡಿ ಡ್ರೈವು. ಹೊಸದಕ್ಕೆ ಸಿಡಿ ತೂತೂ ಇಲ್ಲವಲ್ಲ! ಅಪ್ಪನ ಟ್ರಂಕಿನಲ್ಲಿ ಪೇಜ್‌ಮೇಕರ್ 7.0 ಸಿಡಿ ಇತ್ತು. 2001ರಲ್ಲಿ ಬಂದ ಕೊನೆಯ ಆವೃತ್ತಿ ಅದು. ಇಪ್ಪತ್ತು ವರ್ಷದ ಕಿರಿಯ ವಿಂಡೋಸ್ 11ರ ಮೇಲೆ ಅದನ್ನು ಕೂರಿಸೋಕೆ ಒಂದು ಮಧ್ಯಾಹ್ನ ಹಿಡಿಯಿತು. ಐಕಾನಿನ ಮೇಲೆ ಬಲಗ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಎಕ್ಸ್‌ಪಿ ಅಂತ ಆರಿಸಿ, 'ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು' ಅಂತ ಗುರುತು ಹಾಕಿದೆ. ತೆರೆಯಿತು. ಅಜ್ಜಿಯ ಪುಟಗಳು ಅಪ್ಪ ಜೋಡಿಸಿದ ಹಾಗೇ ಬಂದವು, ಸುತ್ತ ಬಳ್ಳಿ ಚೌಕಟ್ಟಿನ ಸಮೇತ.

ಆದರೆ ಟೈಪ್ ಮಾಡಿದರೆ ಇಂಗ್ಲಿಷೇ ಬೀಳುತ್ತಿದೆ! ದೀಪ ಉರಿಯುತ್ತಿದೆ, ನೋಟ್‌ಪ್ಯಾಡಿನಲ್ಲಿ ಕನ್ನಡ ಸರಿಯಾಗಿ ಬರುತ್ತಿದೆ, ಇಲ್ಲಿ ಮಾತ್ರ ಇಲ್ಲ. ರಾತ್ರಿ ಹನ್ನೊಂದಕ್ಕೆ ಕಾರಣ ಹೊಳೆಯಿತು. ನುಡಿಯಂಥ ತಂತ್ರಾಂಶ ಮಧ್ಯೆ ನಿಂತು, ನಾವು ಒತ್ತಿದ ಕೀಲಿಯನ್ನು ಹಿಡಿದು ಕನ್ನಡ ಮಾಡಿ ಮುಂದಕ್ಕೆ ಕೊಡುತ್ತೆ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಒಂದು ಕಟ್ಟುಪಾಡು: ಸಾಮಾನ್ಯ ದರ್ಜೆಯಲ್ಲಿ ಓಡುವ ತಂತ್ರಾಂಶ, ಅಡ್ಮಿನಿಸ್ಟ್ರೇಟರ್ ದರ್ಜೆಯಲ್ಲಿ ಓಡುವುದರ ಕೀಲಿಗಳನ್ನು ಮುಟ್ಟುವ ಹಾಗಿಲ್ಲ. ಕಳ್ಳ ತಂತ್ರಾಂಶಗಳು ಮೇಲಿನ ದರ್ಜೆಯವನ್ನು ಹಿಡಿತಕ್ಕೆ ತೆಗೆದುಕೊಳ್ಳದಿರಲಿ ಅಂತ ಮಾಡಿದ್ದು, ಒಳ್ಳೆಯದೇ. ನಾನು ಪೇಜ್‌ಮೇಕರನ್ನು ಗೌಡರ ಮಂಚದ ಮೇಲೆ ಕೂರಿಸಿ ನುಡಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದೆ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಮಾಡಿದೆ. ಕನ್ನಡ ಹರಿಯಿತು.

ಈಗ ಅಸಲಿ ಕೆಲಸ: ಎಲ್ಲವನ್ನೂ ಯುನಿಕೋಡಿಗೆ ತರುವುದು. ಪರಿವರ್ತಕಗಳಿವೆ, ಕ್ಷಣದಲ್ಲಿ ಆಗುತ್ತೆ ಅಂದುಕೊಂಡಿದ್ದೆ. ಬಹಳಷ್ಟು ಆಯಿತು ಕೂಡ. ಆದರೆ 'ಸೂರ್ಯ' ಅನ್ನೋ ಪದ ತೆಗೆದುಕೊಳ್ಳಿ. ಹಳೇ ಫೈಲಿನಲ್ಲಿ ಅರ್ಕಾವತ್ತು 'ಯ' ಆದ ಮೇಲೆ ಇರುತ್ತೆ, ಬರೆಯೋ ಹಾಗೆ. ಯುನಿಕೋಡಿನಲ್ಲಿ 'ರ್' ಮೊದಲು, 'ಯ' ಆಮೇಲೆ, ಹೇಳೋ ಹಾಗೆ. ಅದಲುಬದಲು ಮಾಡುವಾಗ ಕೆಲವು ಕಡೆ ಅರ್ಕಾವತ್ತು ಪಕ್ಕದ ಮನೆಗೆ ಹೋಗಿ ಕೂತಿತ್ತು. ಇನ್ನು ಅಪ್ಪ ಕೆಲವು ಪದಗಳ ಮೇಲೆ ಇಂಗ್ಲಿಷಿನಲ್ಲಿ 'ಸೇಮ್ ಆ್ಯಸ್ 12' ಅಂತ ಬರೆದಿದ್ದರು, ಹನ್ನೆರಡನೇ ಪದದ ಧಾಟಿ ಅಂತ. ಫಾಂಟು ಕಳಚಿದ ಮೇಲೆ ಯಾವುದು ಇಂಗ್ಲಿಷು ಯಾವುದು ನುಡಿ ಅಂತ ಪರಿವರ್ತಕಕ್ಕೆ ಹೇಗೆ ಗೊತ್ತಾಗಬೇಕು? ಅದನ್ನೂ ಕನ್ನಡ ಮಾಡಿ, ಯಾವ ಭಾಷೆಯಲ್ಲೂ ಇಲ್ಲದ ಮಂತ್ರ ಮಾಡಿಟ್ಟಿತ್ತು.

ತಿದ್ದೋಕೆ ನನ್ನ ಮಗಳೂ ಕೂತಳು. ಬೆಂಗಳೂರಿನಲ್ಲಿ ಬೆಳೆದವಳು, ತೆಲುಗು ಬಾರದು. ಎರಡು ಪುಟ ತಿದ್ದಿ ಅಪ್ಪನಿಗೆ ತೋರಿಸಿದಳು. ಅಪ್ಪ ನಕ್ಕುಬಿಟ್ಟರು. ಮದುವೆ ಪದದಲ್ಲಿದ್ದ 'ಚೆಲ್ಲಿ'ಯನ್ನು ಇವಳು 'ಚೆಲುವಿ' ಮಾಡಿದ್ದಳು.

"ಚೆಲ್ಲಿ ಅಂದ್ರೆ ತಂಗಿ ಕಣಮ್ಮ."

"ಮಿಸ್ಟೇಕ್ ಅಂದ್ಕೊಂಡೆ ತಾತ."

ಮಗಳು ಮಾಡಿದ್ದು ಕಣ್ಣಿಗೆ ಬಿತ್ತು. ನಾನು ತಿದ್ದಿದ್ದ ಪುಟಗಳಲ್ಲಿ ಇಂಥವು ಎಷ್ಟಿದ್ದಾವೋ ಅಂತ ಎದೆ ಧಸಕ್ಕೆಂದಿತು. ನನಗೆ ಗೊತ್ತಿರೋದು ಬಸ್‌ಸ್ಟ್ಯಾಂಡಿನ ತೆಲುಗು. ಬೀಸೋ ಕಲ್ಲಿನ ಮುಂದಿನ ತೆಲುಗಲ್ಲ. ತಪ್ಪಾಗಿ ಕಂಡದ್ದು ಯಂತ್ರದ ತಪ್ಪೋ, ಅಜ್ಜಿಯ ಮಾತೋ ಅಂತ ತೀರ್ಮಾನ ಮಾಡೋಕೆ ಎರಡು ಬೇಕು: ಹಳೇ ಪುಟ ಹಳೇ ರೂಪದಲ್ಲೇ ಕಣ್ಮುಂದೆ ಇರಬೇಕು, ಅದನ್ನು ಬರೆದವರು ಪಕ್ಕದಲ್ಲಿರಬೇಕು. ಮೊದಲನೆಯದನ್ನು ನಾನು ನಾನೂರು ರೂಪಾಯಿಗೆ ಮಾರಿದ್ದೆ. ಎರಡನೆಯದು ನನ್ನ ಅದೃಷ್ಟ.

ನಿಮ್ಮ ಮನೆಯಲ್ಲೂ ಟವಲು ಹೊದ್ದ ಇಂಥದ್ದೊಂದು ಕಂಪ್ಯೂಟರ್ ಇದ್ದರೆ, ಗುಜರಿಯವನನ್ನು ಕರೆಯುವ ಮುಂಚೆ ಇಷ್ಟು ಮಾಡಿ. ಫೈಲುಗಳ ಜೊತೆಗೆ ಫಾಂಟ್ಸ್ ಫೋಲ್ಡರನ್ನೂ, ತಂತ್ರಾಂಶದ ಸಿಡಿಗಳನ್ನೂ ಎತ್ತಿಡಿ. ಮುಖ್ಯವಾದ ಪುಟಗಳನ್ನು ಅಲ್ಲೇ, ಫಾಂಟುಗಳನ್ನೂ ಒಳಗೆ ಸೇರಿಸಿ ಪಿಡಿಎಫ್ ಮಾಡಿ. ಆಗ ನೋಡೋಕಾದರೂ ಎಲ್ಲಿ ಬೇಕಾದರೂ ಸಿಗುತ್ತೆ. ತೀರಾ ಹಳೆಯ, 16 ಬಿಟ್ ಕಾಲದ ತಂತ್ರಾಂಶವಾದರೆ ವಿಂಡೋಸ್ 11ರಲ್ಲಿ ಕಂಪ್ಯಾಟಿಬಿಲಿಟಿ ಗುರುತು ಹಾಕಿದರೂ ಓಡುವುದಿಲ್ಲ. ಅದಕ್ಕೆ ವರ್ಚುವಲ್‌ಬಾಕ್ಸ್ ಥರದ್ದರಲ್ಲಿ ಹಳೇ ವಿಂಡೋಸನ್ನೇ ಕಂಪ್ಯೂಟರಿನೊಳಗಿನ ಕಂಪ್ಯೂಟರ್ ಮಾಡಿ ಕೂರಿಸಬೇಕು, ಇಂಟರ್ನೆಟ್ ಕೊಡದೆ.

ಆಮೇಲೆ ಮೂರು ತಿಂಗಳು ಪ್ರತಿ ಶನಿವಾರ ಊರಿಗೆ ಹೋದೆ. ಪರದೆಯ ಎಡಕ್ಕೆ ನುಡಿ ಪುಟ, ಬಲಕ್ಕೆ ಯುನಿಕೋಡ್ ಪುಟ. ಅಪ್ಪ ಎಡಗಡೆಯದನ್ನು ಗಟ್ಟಿಯಾಗಿ ಓದೋರು, ನಾನು ಬಲಗಡೆ ತಿದ್ದುತ್ತಿದ್ದೆ. ಪ್ರೆಸ್ಸಿನಲ್ಲಿ ಪ್ರೂಫು ಹೀಗೇ ನೋಡುತ್ತಿದ್ದರಂತೆ, ಒಬ್ಬರು ಓದೋದು, ಒಬ್ಬರು ಗುರುತು ಹಾಕೋದು. ಕೆಲವು ಕಡೆ ಓದುತ್ತಾ ಓದುತ್ತಾ ಧಾಟಿಗೆ ಜಾರಿಬಿಡೋರು. ನಾನು ತಿದ್ದೋದು ನಿಲ್ಲಿಸಿ ಕೇಳುತ್ತಿದ್ದೆ.

ನಲವತ್ತಮೂರನೆಯದು ಮುಗಿದ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚೋಕೆ ಹೋದೆ. "ಇರು" ಅಂದರು ಅಪ್ಪ. ಕೀಬೋರ್ಡು ಹತ್ತಿರ ಎಳೆದುಕೊಂಡು ಸ್ಕ್ರೋಲ್ ಲಾಕ್ ಒತ್ತಿದರು. ಮೂರನೇ ದೀಪ ಹತ್ತಿಕೊಂಡಿತು. 44 ಅಂತ ಹಾಕಿ ಬರೆಯೋಕೆ ಶುರು ಮಾಡಿದರು. ಒತ್ತಕ್ಷರ ಬಂದಾಗಲೆಲ್ಲ ಎಡಗೈ ಬೆರಳು ಎಫ್ ಕೀಲಿಗೆ ತಾನಾಗಿ ಹೋಗುತ್ತಿತ್ತು, ನೋಡುತ್ತಲೂ ಇರಲಿಲ್ಲ. ಎರಡು ಸಾಲು ಆಯಿತು. ಮೂರನೆಯದಕ್ಕೆ ಕೈ ನಿಂತಿತು.

"ಮುಳಬಾಗಿಲಿಗೆ ಫೋನ್ ಹಾಕು, ನಿಮ್ಮತ್ತೆಗೆ ಗೊತ್ತಿರ್ತದೆ" ಅಂದರು.

ರಾತ್ರಿ ಹತ್ತೂವರೆ. ಅತ್ತೆ ನಿದ್ದೆಗಣ್ಣಲ್ಲಿ ಫೋನ್ ಎತ್ತಿ, ಯಾರಿಗೇನಾಯ್ತೋ ಅಂತ ಗಾಬರಿಯಾದರು. ಪದ ಅಂದಾಗ ಅಣ್ಣನಿಗೆ ಚೆನ್ನಾಗಿ ಬೈದು, ಆಮೇಲೆ ಹಾಡಿದರು.