ಹನಿಯ ಜಾಡು ಹಿಡಿದು

ಹಳೆಯ ಯೆಜ್ಡಿ ಬೈಕಿನ ಎಂಜಿನ್ನಿನ ಕೆಳಗೆ ಆಯಿಲ್ ಹನಿ ಕಂಡರೆ ನನಗೆ ಕೈ ಕಡಿಯತೊಡಗುತ್ತದೆ. ಅದು ಎಲ್ಲಿಂದ ಹೊರಟಿತೆಂದು ಹುಡುಕುವುದರಲ್ಲಿ ಇಡೀ ಭಾನುವಾರ ಸುಖವಾಗಿ ಕಳೆದುಹೋಗುತ್ತದೆ. ಹನಿ ಬಿದ್ದಲ್ಲೇ ಸೋರಿಕೆ ಇರುವುದು ಅಪರೂಪ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಅದು ಕೆಳಕ್ಕಿಳಿಯುತ್ತದೆ. ಹಾಗಾಗಿ ಒದ್ದೆಯ ಜಾಡಿನಲ್ಲಿ ತೀರ ಮೇಲಿನ, ತೀರ ಮುಂದಿನ ಜಾಗವನ್ನೇ ಹಿಡಿಯಬೇಕು.

ಮೊದಲು ಡೀಸೆಲ್ಲು, ಬ್ರಷ್ಷು ಹಿಡಿದು ಹಳೆಯ ಜಿಡ್ಡನ್ನೆಲ್ಲ ತೆಗೆಯುತ್ತೇನೆ. ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಕವರುಗಳ ಅಂಚಿಗೆಲ್ಲ ಟಾಲ್ಕಂ ಪೌಡರ್ ಉದುರಿಸುತ್ತೇನೆ. ಒಂದು ಸುತ್ತು ಓಡಿಸಿ ಬಂದು ಟಾರ್ಚ್ ಹಿಡಿದರೆ, ಬಿಳಿಯ ಮೇಲೆ ಕಪ್ಪು ಗೆರೆಯೊಂದು ಮೂಡಿರುತ್ತದೆ. ಕ್ಲಚ್ ಕವರಿನ ಪ್ಯಾಕಿಂಗೋ, ಕಿಕ್ಕರಿನ ಶಾಫ್ಟ್ ಹೊರಬರುವ ಕಡೆಯೋ, ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲೋ, ಆ ಗೆರೆಯೇ ಹೇಳುತ್ತದೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಕೊನೆಯ ಗಾಡಿಯ ಸೀಲುಗಳೂ, ಬದಲಿಸದೆ ಬಿಟ್ಟಿದ್ದರೆ, ಈಗ ಗಡುಸಾಗಿರುತ್ತವೆ.

ನನಗೆ ಹೆಚ್ಚು ಇಷ್ಟವಾಗುವುದು ನೆಲಕ್ಕೆ ಬೀಳದ ಸೋರಿಕೆ. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ ಮೇಲೇರಿದಾಗಲೆಲ್ಲ ಕ್ರ್ಯಾಂಕ್ ಕೋಣೆ ಉಸಿರೆಳೆದುಕೊಳ್ಳುತ್ತದೆ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಸವೆದಿದ್ದರೆ ಗಾಳಿ, ಪೆಟ್ರೋಲಿನ ಜೊತೆಗೆ ಗೇರ್ ಆಯಿಲೂ ಒಳಗೆ ಹೋಗಿ ಉರಿಯುತ್ತದೆ. ನೆಲ ಒಣಗಿಯೇ ಇರುತ್ತದೆ, ಸೈಲೆನ್ಸರಿನಿಂದ ಮಾತ್ರ ದಟ್ಟ ಹೊಗೆ, ದಿನದಿನಕ್ಕೆ ಗೇರ್ ಆಯಿಲ್ ಇಳಿಮುಖ. ಕೆಲವೊಮ್ಮೆ ತಿರುಗುಮುರುಗಾಗಿ, ಗೇರ್ ಆಯಿಲ್ ಮೂಸಿದರೆ ಪೆಟ್ರೋಲ್ ವಾಸನೆ. ಇನ್ನೊಂದು ಬದಿಯ, ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಸೇರಿಕೊಂಡು ಎಂಜಿನ್ ತಾನಾಗಿ ರೇಸ್ ಆಗುತ್ತದೆ, ವಿಪರೀತ ಬಿಸಿಯಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಮೂಗು, ಕಿವಿಗಳಿಂದ ಪತ್ತೆಹಚ್ಚುವ ಇಂಥ ಹೊತ್ತಿಗಾಗಿಯೇ ನಾನು ಈ ಗಾಡಿ ಇಟ್ಟುಕೊಂಡಿರುವುದು.

ರಿಪೇರಿಯಲ್ಲಿ ಅವಸರ ಸಲ್ಲದು. ಹಳೆಯ ಪ್ಯಾಕಿಂಗನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಹೊಸ ಸೋರಿಕೆಗೆ ದಾರಿಯಾಗುತ್ತದೆ. ಕವರನ್ನು ಗಾಜಿನ ಮೇಲಿಟ್ಟು ನೋಡಿದರೆ ಸೊಟ್ಟಗಾಗಿದೆಯೇ ಎಂದು ತಿಳಿಯುತ್ತದೆ. ಸೊಟ್ಟಗಿದ್ದರೆ ಅದೇ ಗಾಜಿನ ಮೇಲೆ ಎಮರಿ ಹಾಳೆ ಹಾಸಿ ಉಜ್ಜಬೇಕು. ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ, ಅದರ ಅಳತೆಯ ಪೈಪನ್ನಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಬೇಕು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅಂಟು ಹೆಚ್ಚಾಗಿ ಮೆತ್ತುವುದನ್ನು ನಾನು ಒಪ್ಪುವುದಿಲ್ಲ: ಒಳಗೆ ಉಬ್ಬಿದ ಅಂಟು ಕಿತ್ತುಬಂದು ಆಯಿಲಿಗೇ ಬೀಳುತ್ತದೆ.

ನಿಮ್ಮ ಮನೆಯ ಮೂಲೆಯಲ್ಲೂ ಇಂಥದ್ದೊಂದು ಗಾಡಿ ಧೂಳು ಹಿಡಿದು ನಿಂತಿದ್ದರೆ, ಸೋರುತ್ತದೆಂದು ಗುಜರಿಗೆ ಹಾಕಬೇಡಿ. ಮೊದಲು ತೊಳೆದು, ಪೌಡರ್ ಹಾಕಿ ನೋಡಿ.