ಗೊತ್ತಿಲ್ಲ ಎನ್ನಬೇಕಾದ ಪ್ರೋಗ್ರಾಮ್

ನವಿಮುಂಬಯಿಯ ಮಹಾಪೆಯಲ್ಲಿರುವ ನಮ್ಮ ಆಫೀಸಿನಲ್ಲಿ, ಗ್ರಾಹಕರಿಗೆ ಬಾಕಿ ನೆನಪಿಸುವ ಮೆಸೇಜ್ ಕಳಿಸಲು ಒಂದು ಹಳೆಯ ಪ್ರೋಗ್ರಾಮ್ ಇತ್ತು. ಬಟನ್ನು, ಮೆನು ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಅದರ ಹೆಸರು ಟೈಪ್ ಮಾಡಿ, ಏನು ಮಾಡಬೇಕೆಂದು ಮುಂದೆ ಬರೆಯಬೇಕು. ಕೊನೆಗೆ ‘ಡ್ರೈ-ರನ್’ ಎಂದು ಸೇರಿಸಿದರೆ ಮೆಸೇಜ್ ಹೋಗುವುದಿಲ್ಲ, ಬರೀ ಪಟ್ಟಿ ಕಾಣುತ್ತದೆ. ಕಲ್ಯಾಣದಿಂದ ಬರುವ ಹೊಸ ಹುಡುಗನೊಬ್ಬ ನಡುವಿನ ಅಡ್ಡಗೆರೆ ಬಿಟ್ಟು ‘ಡ್ರೈರನ್’ ಎಂದು ಹೊಡೆದ. ಆ ಪದ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಪಕ್ಕಕ್ಕಿಟ್ಟು ಉಳಿದ ಕೆಲಸವನ್ನು ಅದು ಶ್ರದ್ಧೆಯಿಂದ ಮುಗಿಸಿತು. ದುಡ್ಡು ಕಟ್ಟಿದವರಿಗೂ ಬಾಕಿಯ ಮೆಸೇಜ್ ಹೋಯಿತು.

ಮೀಟಿಂಗಿನಲ್ಲಿ ಎಲ್ಲರ ಕಣ್ಣೂ ಅವನ ಮೇಲೆ. ಇನ್ನೂ ಪ್ರೊಬೇಷನ್ ಮುಗಿಯದವನು, ತಲೆ ಎತ್ತಲಿಲ್ಲ. ನಾನು ಸುಮ್ಮನಿರಲಿಲ್ಲ. ಒಂದು ಗೆರೆ ಯಾರ ಕೈಯಿಂದಲೂ ತಪ್ಪುತ್ತದೆ. ಅರ್ಥವಾಗದ ಮಾತಿಗೆ ‘ಹೂಂ’ ಎಂದದ್ದು ಪ್ರೋಗ್ರಾಮ್, ಅದನ್ನು ಮೊದಲು ತಿದ್ದೋಣ ಎಂದೆ.

ತಿದ್ದುವುದೇನೂ ದೊಡ್ಡ ಕೆಲಸವಲ್ಲ. ಪೈಥಾನ್ ಜೊತೆಗೇ ಬರುವ ಆರ್ಗ್‌ಪಾರ್ಸ್ ಬಳಸಿದರೆ, ಗುರುತು ಸಿಗದ ಪದ ಕಂಡ ಕೂಡಲೇ ಅದನ್ನು ಹೆಸರಿಸಿ 2 ಎಂಬ ಸಂಖ್ಯೆಯೊಂದಿಗೆ ನಿಲ್ಲುತ್ತದೆ. 0 ಎಂದರೆ ಕೆಲಸ ಆಯಿತು, ಬೇರೆ ಏನೇ ಬಂದರೂ ಆಗಿಲ್ಲ. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟುಗಳಿಗೆ ಈ ಸಂಖ್ಯೆಯೇ ಕಣ್ಣು. ನನಗೆ ಇನ್ನೂ ಇಷ್ಟವಾಗುವುದು ಗಿಟ್‌ನ ಕ್ರಮ: ಇಂಥ ಆಜ್ಞೆ ನನ್ನಲ್ಲಿಲ್ಲ ಎನ್ನುತ್ತದೆ, ಹತ್ತಿರದ ಪದ ಇದ್ದರೆ ತೋರಿಸುತ್ತದೆ, ನಾವಾಗಿ ಅನುಮತಿ ಕೊಟ್ಟಿರದಿದ್ದರೆ ಊಹಿಸಿ ನಡೆಸುವುದಿಲ್ಲ. ನಾವೂ ಹಾಗೇ ಮಾಡಿದೆವು. ಹತ್ತಿರದ ಪದ ಹುಡುಕಲು ಪೈಥಾನಿನ ಡಿಫ್‌ಲಿಬ್ ಸಾಕಾಯಿತು. ಕೊನೆಗೆ ‘ಯಾವ ಮೆಸೇಜೂ ಹೋಗಿಲ್ಲ’ ಎಂಬ ಸಾಲನ್ನು ಆ ಹುಡುಗನೇ ಸೇರಿಸಿದ. ಗಾಬರಿಯಾದವರಿಗೆ ಮೊದಲು ಬೇಕಾದದ್ದು ಅದೇ ತಾನೇ!

ಆರ್ಗ್‌ಪಾರ್ಸ್‌ನ ಒಂದು ಅಭ್ಯಾಸ ಮಾತ್ರ ನನಗೆ ಹಿಡಿಸದು. ಗೆರೆಯಿಂದ ಶುರುವಾಗುವ ಉದ್ದ ಹೆಸರನ್ನು ಅರ್ಧ ಬರೆದರೂ, ಗೊಂದಲವಿಲ್ಲದಿದ್ದರೆ ಒಪ್ಪಿಕೊಳ್ಳುತ್ತದೆ. ನಾಳೆ ಅದೇ ಅಕ್ಷರಗಳ ಇನ್ನೊಂದು ಹೆಸರು ಸೇರಿದರೆ, ನಿನ್ನೆಯವರೆಗೆ ಓಡಿದ ಸ್ಕ್ರಿಪ್ಟು ನಿಂತುಹೋಗುತ್ತದೆ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಎ’ ಎಂದರೆ ಅಂಬರನಾಥ್, ‘ಎಎನ್’ ಎಂದರೆ ಆಸನಗಾಂವ್. ಕಲ್ಯಾಣದವರೆಗೆ ಒಂದೇ ದಾರಿ, ಆಮೇಲೆ ಒಂದು ಕರ್ಜತ್ ಕಡೆ, ಇನ್ನೊಂದು ಕಸಾರಾ ಕಡೆ. ಪೈಥಾನ್ 3.5ರಿಂದ ಈ ಸೌಲಭ್ಯವನ್ನು ಬೇಡವೆನ್ನಬಹುದು. ನಾವು ಬೇಡವೆಂದಿದ್ದೇವೆ. ಪೂರ್ತಿ ಹೆಸರು ಟೈಪ್ ಮಾಡಬೇಕಲ್ಲ ಎಂದು ಇಬ್ಬರು ಈಗಲೂ ಗೊಣಗುತ್ತಾರೆ.